ನೆಗೆಣ್ಣಿ ಬಿಗಿದ ಒಂಬತ್ತು ನಟ್ಟು

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರಿಗೆ ನನ್ನದು ಒಂದೇ ಮಾತು. ನಿಮ್ಮ ಮನೆಗೆ ನಿಮಗಿಂತ ಹನ್ನೆರಡು ವರ್ಷ ಸಣ್ಣವಳಾದ ನೆಗೆಣ್ಣಿಯೊಬ್ಬಳು ಬರಲಿ, ನಿಮ್ಮ ಗಂಡ ಆಕೆಯ ಕೈಕೆಲಸವನ್ನು ಓಣಿತುಂಬ ಹೊಗಳುತ್ತ ತಿರುಗಲಿ, ಆಮೇಲೆ ಬನ್ನಿ, ಕೂತು ಮಾತಾಡೋಣ.

ನೆಗೆಣ್ಣಿ ಎಂದರೆ ಮೈದುನನ ಹೆಂಡತಿ. ತಪ್ಪು ತಿಳಿಯಬೇಡಿ, ನನ್ನ ಗಂಡ ಅಂಥವರಲ್ಲ. ಅಂಥವರಾಗಿದ್ದರೆ ಜಗಳ ಸುಲಭವಿತ್ತು, ನಾಲ್ಕು ಜನರ ಮುಂದೆ ಬಾಯಿ ಮಾಡಬಹುದಿತ್ತು. ಅವರು ಹೊಗಳಿದ್ದು ಆಕೆಯ ರೂಪವನ್ನಲ್ಲ. ಸೈಕಲ್ಲಿನ ಹಿಂದಿನ ಗಾಲಿಗೆ ಆಕೆ ಒಂದು ಹಲ್ಲಿನ ಚಕ್ರವನ್ನು ಕೂಡಿಸಿದ ರೀತಿಯನ್ನು. ಇದನ್ನು ಯಾರ ಮುಂದೆ ಹೇಳಿ ಅಳಲಿ?

ಇಳಕಲ್ಲಿನಲ್ಲಿ ಹುಟ್ಟಿ, ಎರಡು ಓಣಿ ದಾಟಿ ಇದೇ ಊರಿಗೆ ಸೊಸೆಯಾಗಿ ಬಂದವಳು ನಾನು. ನಮ್ಮ ಸೀರೆಯಲ್ಲಿ ಮೈಯ ಹಾಸು, ಎಂದರೆ ಉದ್ದದ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಮೈಯ ನೂಲಿಗೂ ಸೆರಗಿನ ರೇಷ್ಮೆಗೂ ಎಳೆಗೆ ಎಳೆ ಸಿಗಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಸಾವಿರಾರು ಎಳೆ, ಒಂದು ಸಡಿಲಾದರೂ ಸೆರಗು ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ನನ್ನ ಅವ್ವ ನನಗೆ ಕಲಿಸಿದ್ದು ಒಂದೇ ಪಾಠ: "ದಂಡಿಯಿಂದ ಹಿಡಿ. ಒಂದು ಪೂರಾ ಬಿಗಿದ ಮ್ಯಾಲೆ ಅದರ ಬಾಜೂದು. ನಡುವ ಜಿಗದ್ಯಂದ್ರ ಕೆಟ್ಟಿ." ಆ ಪಾಠದ ಮೇಲೆ ಇಪ್ಪತ್ತೈದು ವರ್ಷ ಬದುಕಿದ್ದೇನೆ. ಓಣಿಯಲ್ಲಿ ಯಾರ ಮನೆಯಲ್ಲಿ ಅವಸರದ ಸೀರೆಯಿದ್ದರೂ ನನ್ನನ್ನೇ ಕರೆಯುತ್ತಾರೆ. ಅತ್ತೆಯಂತೂ ಬಂದವರ ಮುಂದೆ ನನ್ನ ಬೆರಳು ಹಿಡಿದು ತೋರಿಸುತ್ತಿದ್ದರು: "ಈ ಮನ್ಯಾಗ ಕೈ ಅಂದ್ರ ಇದು ನೋಡ್ರಿ."

ಅದು ಮೂರು ವರ್ಷದ ಹಿಂದಿನ ಮಾತು. ಆಮೇಲೆ ಬಾದಾಮಿಯಿಂದ ಈಕೆ ಬಂದಳು.

ಈಕೆಯ ಅಪ್ಪನದು ಬಾದಾಮಿಯಲ್ಲಿ ಸೈಕಲ್ ಅಂಗಡಿ. ಗುಡಿ ನೋಡಲು ಬಂದವರಿಗೆ ದಿನದ ಬಾಡಿಗೆಗೆ ಸೈಕಲ್ ಕೊಡುತ್ತಾರೆ. ಅವರು ಪಟ್ಟದಕಲ್ಲಿನವರೆಗೆ ಓಡಿಸಿ, ಕಡ್ಡಿ ಮುರಿದು, ಗಾಲಿ ಸೊಟ್ಟ ಮಾಡಿ ತಂದು ಹಾಕುತ್ತಾರೆ. ಗಂಡುಮಕ್ಕಳಿಲ್ಲದ ಮನೆ. ಸಾಲಿ ಬಿಟ್ಟ ಮೇಲೆ ಅಪ್ಪನ ಎದುರು ಕೂತು ಗಾಲಿ ನೆಟ್ಟಗೆ ಮಾಡುತ್ತಲೇ ಬೆಳೆದವಳು. ಕೊಂಡಿ ಹಾಕಲು ಕೂಡಿಸಿದರೆ ಎಳೆ ಪಟಪಟ ಹರಿಯುತ್ತಿದ್ದಳು. ಆಗ ನನಗೆ ಎಷ್ಟು ಪ್ರೀತಿ ಅಂತೀರಿ ಆಕೆಯ ಮೇಲೆ! "ಇರಲಿ ತಂಗಿ, ಬರ್ತೈತಿ, ಬರ್ತೈತಿ" ಎಂದು ಬೆನ್ನು ಸವರುತ್ತಿದ್ದೆ. ತನಗಿಂತ ಕಡಿಮೆಯವರನ್ನು ಪ್ರೀತಿಸುವುದು ಏನು ಸುಲಭ ನೋಡಿ.

ನನ್ನ ಗಂಡ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದು ತುಳಿದು ಮೊಣಕಾಲು ಕಳೆದುಕೊಂಡವರು. ಮಗ್ಗ ಬಿಟ್ಟು, ಗುಳೇದಗುಡ್ಡದಿಂದ ರವಿಕೆಯ ಖಣ ತರಿಸಿ, ನಮ್ಮ ಸೀರೆಯನ್ನೂ ಸೇರಿಸಿ ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಹುನಗುಂದದವರೆಗೆ ಹಳ್ಳಿ ಹಳ್ಳಿ ಮಾರುತ್ತಿದ್ದರು. ಕೊನೆಗೆ ಪೆಡಲ್ ತುಳಿಯುವುದಕ್ಕೂ ಮೊಣಕಾಲು ಒಲ್ಲೆ ಎಂದಿತು. ಮೋಟರ್ ಸೈಕಲ್ ತಗೊಳ್ಳಿ ಎಂದರೆ, "ಈ ವಯಸ್ಸಿಗೆ ಗೇರ್ ಹಾಕೂದು ಕಲೀಲೇನು? ಅಪ್ಪನ ಸೈಕಲ್ಲ ಸಾಕು" ಎಂದು ಮೊಂಡು ಹಿಡಿದರು. ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುವ ನನ್ನ ಮೈದುನ ಮೊಬೈಲಿನಲ್ಲಿ ಹುಡುಕಿ, ಸೈಕಲ್ಲಿಗೆ ಹಚ್ಚುವ ಸಣ್ಣ ಪೆಟ್ರೋಲ್ ಇಂಜಿನ್ ತರಿಸಿದ.

ಡಬ್ಬಿ ಬಂತು. ಅಣ್ಣತಮ್ಮ ಇಬ್ಬರೂ ಭಾನುವಾರವಿಡೀ ಅಂಗಳದಲ್ಲಿ ಕೂತರು. ಇಂಜಿನ್ ಹೇಗೋ ಕೂತಿತು. ಕೂಡದೇ ಹೋದದ್ದು ಹಿಂದಿನ ಗಾಲಿಯ ಸ್ಪ್ರಾಕೆಟ್. ಊಟದ ತಾಟಿಗಿಂತ ಸ್ವಲ್ಪ ಸಣ್ಣದು, ಸುತ್ತ ಹಲ್ಲು. ಇಂಜಿನ್ನಿನ ಚೈನು ಇದನ್ನು ಎಳೆದರೆ ಗಾಲಿ ತಿರುಗಬೇಕು. ಇದನ್ನು ಗಾಲಿಯ ಕಡ್ಡಿಗಳಿಗೇ ಬಿಗಿಯಬೇಕಂತೆ. ಅವರು ಬಿಗಿದರು, ಗಾಲಿ ತಿರುಗಿಸಿದರು. ಅದು ಹೆಂಡ ಕುಡಿದವನಂತೆ ಅತ್ತಿತ್ತ ತೂರಾಡಿತು. ಬಿಚ್ಚಿದರು, ಮತ್ತೆ ಬಿಗಿದರು. ಅಣ್ಣ ತಮ್ಮನಿಗೆ ಬೈದ, ತಮ್ಮ ಡಬ್ಬಿ ಕಳಿಸಿದವನಿಗೆ ಬೈದ.

"ಹೊತ್ತು ಮುಳುಗೂತನಾ ಆ ಹಲ್ಲಿನ ತಾಟಿನ ಕೂಡ ಕುಸ್ತಿ ಹಿಡೀರಿ," ಎಂದು ಅತ್ತೆ ಒಳಗಿಂದ ಕೂಗಿದರು.

ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದ ನೆಗೆಣ್ಣಿ ಎದ್ದಳು. ಸೆರಗು ಸಿಗಿಸಿದಳು. "ಭಾವಾರ, ಒಂದೀಟು ಸರೀರಿ," ಎಂದಳು.

ಆಮೇಲೆ ನಡೆದದ್ದನ್ನು ನಾನು ಬೇಕೆಂದೇ ಸರಿಯಾಗಿ ನೋಡಲಿಲ್ಲ, ಆದರೂ ಎಲ್ಲ ಕಂಡಿತು. ಗಾಲಿ ಬಿಚ್ಚಿ ತೊಡೆಯ ಮೇಲೆ ಮಲಗಿಸಿಕೊಂಡಳು. ಎರಡು ದಪ್ಪ ರಬ್ಬರ್ ಬಿಲ್ಲೆಗಳಿದ್ದವು. ಒಂದನ್ನು ಒಂದು ಕಡೆ ಸೀಳಿ ಕಡ್ಡಿಗಳ ಒಳಮಗ್ಗುಲಿಗೆ ತೂರಿಸಿದಳು, ಇನ್ನೊಂದನ್ನು ಹೊರಗಿಟ್ಟಳು. ಕಡ್ಡಿಗಳು ನಡುವೆ, ರೊಟ್ಟಿಯ ನಡುವಿನ ಪಲ್ಯದಂತೆ. ಹೊರಗಿನ ರಬ್ಬರಿನ ಮೇಲೆ ಸ್ಪ್ರಾಕೆಟ್, ಒಳಗಿನ ರಬ್ಬರಿನ ಬೆನ್ನಿಗೆ ಕಬ್ಬಿಣದ ಪಟ್ಟಿ, ಎಲ್ಲದರ ಮೂಲಕ ಒಂಬತ್ತು ಬೋಲ್ಟು. ನಟ್ಟುಗಳನ್ನು ಕೈಯಿಂದಷ್ಟೇ ಹಿಡಿಸಿ ಬಿಟ್ಟಳು. ಬೆಂಕಿಪೊಟ್ಟಣ ತರಿಸಿ, ಒಂದು ಕಡ್ಡಿಯನ್ನು ಗಾಲಿಯ ನಡುವಿನ ಗುಂಬಕ್ಕೂ ಸ್ಪ್ರಾಕೆಟಿನ ತೂತಿಗೂ ನಡುವಿನ ಸಂದಿಯಲ್ಲಿ ಸುತ್ತ ಆಡಿಸಿದಳು. ಎಲ್ಲೆಡೆ ಒಂದೇ ಸಮ ಆಡುವವರೆಗೆ ತಾಟನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಳು. ಆಮೇಲೆ ಪಾನಾ, ಅಂದರೆ ನಟ್ಟು ಬಿಗಿಯುವ ಸ್ಪ್ಯಾನರ್. ನಟ್ಟುಗಳ ಮೇಲೆ ಆಕೆಯ ಕೈ ಅಲ್ಲಿ ಇಲ್ಲಿ ಓಡಾಡಿತು. ಗಾಲಿಯನ್ನು ಸೈಕಲ್ಲಿಗೆ ಹಾಕಿ, ಪಕ್ಕಕ್ಕೆ ಕಸಬರಿಗೆ ಕಡ್ಡಿಯೊಂದನ್ನು ಕಟ್ಟಿ ತಿರುಗಿಸಿ, ಅದರ ತುದಿಗೂ ಹಲ್ಲುಗಳಿಗೂ ಇರುವ ಅಂತರ ನೋಡಿದಳು. ಕೊನೆಗೆ ತನ್ನ ಉಗುರುಬಣ್ಣದ ಸೀಸೆ ತಂದು ಒಂಬತ್ತೂ ನಟ್ಟಿನಿಂದ ಬೋಲ್ಟಿನ ತುದಿಗೆ ಒಂದೊಂದು ಕೆಂಪು ಗೆರೆ ಎಳೆದಳು.

"ಇದ್ಯಾಕವಾ, ನಟ್ಟಿಗೆ ಶೃಂಗಾರ?" ಎಂದೆ.

"ನಟ್ಟು ತಿರುಗ್ತಂದ್ರ ಗೆರಿ ಮುರೀತೈತ್ರಿ ಅಕ್ಕಾ. ನೋಡಿದ ಕೂಡ್ಲೇ ಗೊತ್ತಾಗ್ತೈತಿ. ನಮ್ಮಪ್ಪ ಕಲಿಸಿದ್ದು."

ನನ್ನ ಗಂಡ ಹತ್ತಿ ಓಣಿಯಲ್ಲಿ ಒಂದು ಸುತ್ತು ಹೊಡೆದರು. ಓಣಿಗೆ ಓಣಿಯೇ ಹೊರಬಂತು. ಅತ್ತೆ ಸೈಕಲ್ಲಿಗೆ ಕುಂಕುಮ ಹಚ್ಚಿ ಆರತಿ ಎತ್ತಿದರು. ಇಳಿದ ನನ್ನ ಗಂಡ, ಎಲ್ಲರ ಮುಂದೆ, ನನ್ನ ಮುಂದೆ, ಹೇಳಿದರು: "ಕೈ ಅಂದ್ರ ಇದು ನೋಡ್ರಿ."

ನನ್ನ ಮಾತು! ಇಪ್ಪತ್ತು ವರ್ಷ ನನಗೆಂದೇ ಇದ್ದ ಮಾತನ್ನು ತೆಗೆದು ಆಕೆಯ ಕೈಗೆ ಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಅಂದಿನಿಂದ ಹೋದ ಹೋದ ಹಳ್ಳಿಯಲ್ಲಿ ಅದೇ ಕತೆ. ಮರೋಳದಲ್ಲಿ ಸೀರೆ ಕೊಂಡವರು ಸೆರಗು ಹೇಗಿದೆ ಎಂದು ಹೇಳುವ ಬದಲು, ಸೈಕಲ್ ಮಾಡಿದ ಸೊಸೆ ಹೇಗಿದ್ದಾಳೆ ಎಂದು ಕೇಳಿದರಂತೆ. ಅದನ್ನು ಮನೆಗೆ ಬಂದು ನನಗೇ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಭಗಭಗ ಉರಿಯುತ್ತಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ, ನೋಡೋಣ ಎಷ್ಟು ದಿನ, ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಆ ಚಕ್ರ ಒಂದು ದಿನ ಸಡಿಲಾಗಲಿ ಎಂದು ಹರಕೆ ಹೊತ್ತಿಲ್ಲ ಅಷ್ಟೇ. ಆ ಚಕ್ರದ ಮೇಲೆ ಕೂತು ತಿರುಗುವವರು ನನ್ನ ಗಂಡ ಎನ್ನುವುದು ಆ ಉರಿಯಲ್ಲಿ ನೆನಪಿಗೇ ಬರಲಿಲ್ಲ.

ಪಂಚಮಿ ಹಬ್ಬ ಬಂತು. ನೆಗೆಣ್ಣಿ ತವರಿಗೆ ಹೊರಟಳು. ಬಸ್ಸಿಗೆ ಹೋಗುವ ಗಡಿಬಿಡಿಯಲ್ಲೂ ಪಾನಾ ತಂದು ನನ್ನ ಮುಂದೆ ಇಟ್ಟಳು.

"ಅಕ್ಕಾ, ರಬ್ಬರ್ ದಿನಾ ಹೋದಂಗ ಕುಂದರ್ತೈತ್ರಿ. ಗೆರಿ ಮುರೀಲಿಲ್ಲಂದ್ರೂ ನಟ್ಟು ಸಡ್ಲ ಆಗ್ತಾವ. ಎಂಟು ದಿನಕ್ಕೊಮ್ಮೆ ಬಿಗೀಬೇಕು. ಬಿಗಿಯೋ ಮುಂದ ಮಾತ್ರ..."

"ಏ ತಂಗಿ," ಎಂದೆ, "ಸಾವಿರ ಎಳಿ ಬಿಗಿಯೋಕಿಗೆ ಒಂಬತ್ತು ನಟ್ಟು ಬಿಗಿಯೋದು ಕಲಸ್ತೀ? ಹೋಗು, ಬಸ್ ತಪ್ತೈತಿ."

ಆಕೆಯ ಮುಖ ಸಣ್ಣದಾಯಿತು. ಪಾನಾ ಅಲ್ಲೇ ಬಿಟ್ಟು, ಚೀಲ ಹಿಡಿದು ಹೋದಳು. ನನಗೆ ಆ ದಿನ ಊಟ ರುಚಿಯಾಗಿತ್ತು.

ಮೂರು ದಿನಕ್ಕೆ ನನ್ನ ಗಂಡ ಹೇಳಿದರು, "ಚೈನು ಕಟಕಟ ಅನ್ನಾಕತ್ತೈತಿ. ಆಕಿ ಬರೂತನಾ ನಿಲ್ಲಿಸಿಬಿಡ್ತೇನಿ."

ಆಕೆ ಬರುವವರೆಗೆ! ಮನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳಿದ್ದಾಳೆ, ಆಕೆಗೂ ಎರಡು ಕೈ ಇವೆ ಎನ್ನುವುದು ಈ ಮನುಷ್ಯನಿಗೆ ಹೊಳೆಯುವುದಿಲ್ಲವಲ್ಲ. "ನಾ ಬಿಗೀತೇನಿ," ಎಂದೆ. ಅವರು ಸ್ವಲ್ಪ ಅನುಮಾನದಿಂದ ನೋಡಿದರು. ಆ ನೋಟವೇ ಸಾಕಾಯಿತು ನನಗೆ.

ಮರುದಿನ ಬೆಳಿಗ್ಗೆ ಕೂತೆ. ಅವ್ವ ಕಲಿಸಿದಂತೆಯೇ ಮಾಡಿದೆ. ದಂಡಿಯಿಂದ ಹಿಡಿದೆ, ದುಂಡನೆಯ ಗಾಲಿಗೆ ದಂಡಿ, ಅಂಚು, ಎಲ್ಲಿಂದ ಬರಬೇಕು, ಗಾಳಿ ಹಾಕುವ ಬಾಯಿಯ ಹತ್ತಿರದ ನಟ್ಟನ್ನೇ ದಂಡಿ ಎಂದುಕೊಂಡೆ. ಅದನ್ನು ಹಲ್ಲು ಕಚ್ಚಿ ಪೂರಾ ಬಿಗಿದೆ. ಆಮೇಲೆ ಅದರ ಬಾಜೂದು. ಆಮೇಲೆ ಅದರ ಬಾಜೂದು. ಒಂದನ್ನೂ ಜಿಗಿಯಲಿಲ್ಲ, ಒಂದನ್ನೂ ಅರ್ಧಕ್ಕೆ ಬಿಡಲಿಲ್ಲ. ಮೊದಲಿನ ನಾಲ್ಕಕ್ಕೆ ಕೈಯಲ್ಲಿದ್ದ ಸಿಟ್ಟೆಲ್ಲ ಹೋಯಿತು. ಕೊನೆಯವು ಬಂದಾಗ, ಅವೇನು, ತಾವಾಗಿಯೇ ಬಿಗಿಯಾದಂತೆ ಅನಿಸಿತು. ಆಕೆಯ ಕೆಂಪು ಗೆರೆ ಒಂಬತ್ತೂ ಮುರಿದವು. ಅದು ನೋಡಿ ನನಗೆ ಖುಷಿಯೇ ಆಯಿತು.

ಗಾಲಿ ತಿರುಗಿಸಿದೆ. ಸ್ಪ್ರಾಕೆಟಿನ ಹಲ್ಲು ಒಂದು ಕಡೆ ಸೈಕಲ್ಲಿನ ಕೊಳವೆಯ ಹತ್ತಿರ ಬಂದು, ಇನ್ನೊಂದು ಕಡೆ ದೂರ ಹೋಗುತ್ತಿತ್ತು. ಬಹಳ ಅಲ್ಲ. ಒಂದು ಬೆಂಕಿಕಡ್ಡಿಯ ದಪ್ಪದಷ್ಟು. ಆದರೆ ನನ್ನ ಕಣ್ಣು ಎಂಥದ್ದು ಎಂದು ನನಗೆ ಗೊತ್ತು. ಸಾವಿರ ಎಳೆಯಲ್ಲಿ ಸಡಿಲಾದ ಒಂದನ್ನು ಹೆಕ್ಕಿ ತೆಗೆಯುವ ಕಣ್ಣು ಅದು. ಕಂಡಿತು. ಚೆನ್ನಾಗಿಯೇ ಕಂಡಿತು. ಕಂಡಿತೆಂದು ಹೇಳಿದರೆ ಬಾದಾಮಿಗೆ ಫೋನ್ ಮಾಡಬೇಕು, "ತಂಗಿ, ನೀ ಹೇಳಾಕ ಹೊಂಟಿದ್ದು ಏನು?" ಎಂದು ಕೇಳಬೇಕು. ನಾನು ಪಾನಾ ಒರೆಸಿ ಗೂಡಿನಲ್ಲಿಟ್ಟೆ.

"ಆತೇನು?" ಎಂದರು ಗಂಡ.

"ಆಗೇತಿ. ಹೋಗಿ ಬರ್ರಿ," ಎಂದೆ.

ಖಣದ ಗಂಟು ಕಟ್ಟಿಕೊಂಡು ಹೊರಟರು. ಓಣಿಯ ತಿರುವಿನಲ್ಲಿ ಕಟಕಟ ಕೇಳಿಸಿತು. ಮಗ್ಗದ ಹತ್ತಿರ ಕೂತು ಕೊಂಡಿಗೆ ಕೈ ಹಾಕಿದೆ. ನನ್ನ ಬೆರಳಲ್ಲಿ ಎಳೆ ಹರಿಯಿತು. ಇನ್ನೊಂದು ಹಿಡಿದೆ, ಅದೂ ಹರಿಯಿತು. ಅತ್ತೆ ತಿರುಗಿ ನೋಡಿದರು. ಎದ್ದು ಹೋಗಿ ಗಂಡನಿಗೆ ಫೋನ್ ಹಚ್ಚಿದೆ. ಇಂಜಿನ್ನಿನ ಸಪ್ಪಳದಲ್ಲಿ ಯಾರಿಗೆ ಕೇಳಬೇಕು? ಮೂರು ಸಲ ಹಚ್ಚಿದೆ. ನಾಲ್ಕನೆಯ ಸಲ ಎತ್ತಿದವರು ಬೇರೆ ಯಾರೋ. "ಯವ್ವಾ, ಇವರು ನಿಮ್ಮ ಮಂದಿ ಏನ್ರಿ? ಹುನಗುಂದದ ಹಾದ್ಯಾಗ ಬಿದ್ದಾರ. ಚೈನು ಗಾಲ್ಯಾಗ ಸಿಕ್ಕೊಂಡೈತಿ. ಜೀವಕ್ಕ ಏನಿಲ್ಲ, ಕೈ ಅಷ್ಟ," ಎಂದರು.

ಆ "ಕೈ ಅಷ್ಟ" ಎನ್ನುವ ಮಾತು ಇವತ್ತಿಗೂ ಕಿವಿಯಲ್ಲಿದೆ.

ಬಾಗಲಕೋಟೆಯ ದವಾಖಾನೆಯಲ್ಲಿ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಮೊಣಕಾಲು ತರಚಿತ್ತು, ಹಣೆಗೆ ಹೊಲಿಗೆ. ಹಿಂದೆ ಬರುತ್ತಿದ್ದ ಲಾರಿ ಬ್ರೇಕ್ ಹಾಕಿತ್ತಂತೆ. ಹಾಕದಿದ್ದರೆ ಎಂದು ನನ್ನ ಮೈದುನ ಹೇಳಲು ಹೊರಟ. ಅತ್ತೆ "ಬಿಡ್ತು ಅನ್ನೋ" ಎಂದು ಚೀರಿದರು.

ಮನೆಗೆ ಬಂದು ಹಾಸಿಗೆಯಲ್ಲಿ ಒರಗಿದ ಮೇಲೆ ನನ್ನ ಗಂಡ ನೋಡಲು ಬಂದವರಿಗೆಲ್ಲ ಹೇಳತೊಡಗಿದರು: "ಏನ್ ಮಾಡೂದು, ಹುಡುಗಿ ಕೂಡಿಸಿದ್ದು ಸರಿ ಇರಲಿಲ್ಲ ಕಾಣ್ತೈತಿ." ಅತ್ತೆ ಒಂದು ಹೆಜ್ಜೆ ಮುಂದೆ ಹೋದರು: "ಹೆಣಮಕ್ಕಳು ಮಾಡೋ ಕೆಲಸಾನ ಅದು? ನಾ ಅವತ್ತ ಅಂದಿದ್ದೆ." ಅವತ್ತು ಆರತಿ ಎತ್ತಿದವರು ಇವರೇ! ನಾನು ಬಿಗಿದದ್ದು ಅವರಿಬ್ಬರಿಗೂ ಗೊತ್ತು. ಆದರೆ ನನ್ನ ಕೈ ತಪ್ಪುತ್ತದೆ ಎನ್ನುವುದು ಇಬ್ಬರ ತಲೆಗೂ ಬರಲಿಲ್ಲ. ಖರೇ ಹೇಳುತ್ತೇನೆ, ಒಂದು ಗಳಿಗೆ ನನಗೆ ಸಕ್ಕರೆ ತಿಂದಂತಾಯಿತು. ಗಂಡ ಕೈ ಮುರಿದುಕೊಂಡು ಮಲಗಿದ್ದಾರೆ, ನನಗೆ ಬಾಯಲ್ಲಿ ಸಕ್ಕರೆ. ಇಂಥವಳು ನಾನು.

ಸುದ್ದಿ ಕೇಳಿ ನೆಗೆಣ್ಣಿ ಹಬ್ಬ ಅರ್ಧಕ್ಕೆ ಬಿಟ್ಟು ಬಂದಳು. ಬಂದವಳೇ ಭಾವನ ಕಾಲು ಮುಟ್ಟಿ, ಅಂಗಳದಲ್ಲಿ ಒರಗಿಸಿದ್ದ ಸೈಕಲ್ಲಿನ ಮುಂದೆ ಕೂತಳು. ಆರು ಕಡ್ಡಿ ಮುರಿದಿದ್ದವು. ಆಕೆ ಕಡ್ಡಿ ನೋಡಲಿಲ್ಲ. ನಟ್ಟಿನ ಮೇಲೆ ಬೆರಳಿಟ್ಟು ಒಂದೊಂದೇ ಗೆರೆ ನೋಡುತ್ತ ಸುತ್ತ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಸೆರಗಿನಲ್ಲಿ ನನ್ನ ಕೈ ಮುಚ್ಚಿಕೊಂಡೆ. ಗೆರೆಗಳು ನಟ್ಟು ಸಡಿಲಾಗಿ ಮುರಿದಿರಲಿಲ್ಲ, ಬಿಗಿದು ಮುರಿದಿದ್ದವು. ಮೊದಲ ನಾಲ್ಕು ಬಹಳ, ಆಮೇಲಿನವು ಕಡಿಮೆ ಕಡಿಮೆ. ಬರೆದಿಟ್ಟ ಓಲೆಯಂತೆ ಎಲ್ಲ ಅಲ್ಲೇ ಇತ್ತು. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು.

ಒಳಗಿನಿಂದ ನನ್ನ ಗಂಡ ಕೂಗಿದರು: "ಏನಾಗಿತ್ತವಾ ಅದಕ?"

ಆಕೆ ಎದ್ದು ಬಾಗಿಲಲ್ಲಿ ನಿಂತಳು. "ಏನಿಲ್ರಿ ಭಾವಾರ. ನಂದ ತಪ್ಪು ಇದ್ದೀತು," ಎಂದಳು.

ನಿಮಗೆ ಇಲ್ಲಿ ಕಣ್ಣೀರು ಬಂದರೆ ಬರಲಿ. ನನಗೆ ಬಂದದ್ದು ಸಿಟ್ಟು. ಚಕ್ರ ಕೂಡಿಸುವುದರಲ್ಲಿ ಗೆದ್ದಳು, ಸರಿ. ಈಗ ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇ? ಈ ಮನೆಯಲ್ಲಿ ನನಗೆಂದು ಒಂದನ್ನಾದರೂ ಬಿಡುತ್ತಾಳೋ ಇಲ್ಲವೋ! ಪಶ್ಚಾತ್ತಾಪದಿಂದ ನಿಜ ಹೇಳಿದೆ ಎಂದು ಬರೆಯಬಹುದು, ಓದುವವರಿಗೂ ಹಿತ. ಆದರೆ ನಾನು ನಿಜ ಹೇಳಿದ್ದು ಹೊಟ್ಟೆಕಿಚ್ಚಿನಿಂದಲೇ.

"ಆಕಿದೇನೂ ತಪ್ಪಿಲ್ಲ," ಎಂದು ಕಿರುಚಿದೆ. "ನಾ ಬಿಗಿದು ಕೆಡಿಸೇನಿ. ಆಕಿ ಹೇಳಾಕ ಬಂದಿದ್ಲು, ನಾ ಕೇಳಲಿಲ್ಲ."

ಅತ್ತೆ ನನ್ನ ಮುಖ, ಆಕೆಯ ಮುಖ ನೋಡಿದರು. ನನ್ನ ಗಂಡ ಪ್ಲಾಸ್ಟರಿನ ಕೈಯನ್ನು ಹೊಟ್ಟೆಯ ಮೇಲೆ ಎತ್ತಿಟ್ಟುಕೊಂಡು, ಬಹಳ ಮೆಲ್ಲಗೆ ಕೇಳಿದರು: "ಅದು ಅಲಗಾಡೂದು ನೋಡಿದ್ದೇನು ನೀ?"

"ನೋಡಿದ್ದೆ."

"ನೋಡಿ ಹೋಗಿ ಬರ್ರಿ ಅಂದೆ?"

"ಅಂದೆ."

ಅವರು ಗೋಡೆಯ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಅತ್ತು ಹಗುರಾಗುತ್ತಿದ್ದೆ.

ಹಿತ್ತಲಿನಲ್ಲಿ ನೆಗೆಣ್ಣಿ ಪಾತ್ರೆ ತಿಕ್ಕುತ್ತಿದ್ದಳು. ಹೋಗಿ ನಿಂತೆ. "ಗೊತ್ತಾಗಿತ್ತು ನಿನಗ. ಯಾಕ ಸುಮ್ಮನಿದ್ದಿ? ದೊಡ್ಡಾಕಿ ಆಗಾಕೇನು?" ಎಂದೆ. ಆ ಹೊತ್ತಿನಲ್ಲೂ ನನ್ನ ನಾಲಿಗೆ ನೋಡಿ.

ಆಕೆ ತಲೆಯೆತ್ತಲಿಲ್ಲ. ಕೈಯಲ್ಲಿನ ಪಾತ್ರೆಯನ್ನು ಬೂದಿ ಹಾಕಿ ಇನ್ನೂ ಜೋರಾಗಿ ತಿಕ್ಕಿದಳು. "ದೊಡ್ಡಾಕಿ ಆಗಾಕಲ್ರಿ," ಎಂದಳು. "ನೀವು ಬಿಗಿದದ್ದು ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಆದ್ರೂ ಯಾರ ಹೆಸರು ಬಂತು? ನಾ ಹೇಳಿದ್ರ ಯಾರು ನಂಬ್ತಿದ್ರು? ನಿಮ್ಮ ಕೈ ತಪ್ಪೂದಿಲ್ಲ ಅಂತ ಈ ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ಮೂರು ವರ್ಷ ಆತು ನಾ ಬಂದು, ನಿಮ್ಮ ಮುಂದ ನನ್ನ ಮಾತು ಒಮ್ಮೆರ ನಡದೈತೇನು?" ಪಾತ್ರೆ ಬೋರಲು ಹಾಕಿ ಅಂದಳು, "ಭಾವಾರ ಗೋಣು ಮುರಿದಿದ್ರ ಏನ್ ಮಾಡ್ತಿದ್ರಿ ಅಕ್ಕಾ? ನನಗ ನಿಮ್ಮ ಮ್ಯಾಲೆ ಭಾಳ ಸಿಟ್ಟು ಐತಿ. ಈಗ ಹೋಗ್ರಿ ಇಲ್ಲಿಂದ."

ನಾನು ಬಂದೆ. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತೆ. ಕಳೆದುಹೋಯಿತೆಂದು ನಾನು ಉರಿದುಕೊಂಡ ಬೆಲೆ ಎಲ್ಲಿಗೂ ಹೋಗಿರಲಿಲ್ಲ. ಆ ಬೆಲೆಯನ್ನೇ ನಂಬಿ ನನ್ನ ಗಂಡ ಅವತ್ತು ಸೈಕಲ್ ಹತ್ತಿದ್ದರು.

ನಾಲ್ಕು ದಿನ ಆಕೆ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಹೊಸ ಕಡ್ಡಿ ಹಾಕಿ ಗಾಲಿ ನೆಟ್ಟಗೆ ಮಾಡಿದಳು, ಬೆಂಕಿಕಡ್ಡಿ ಆಡಿಸಿ ಸ್ಪ್ರಾಕೆಟ್ ನಡುವಿಗೆ ತಂದಳು, ಆಮೇಲೆ ಪಾನಾವನ್ನು ನನ್ನ ಕಡೆ ಚಾಚಿದಳು. "ಹಿಡೀರಿ. ಇದನ್ನ ಒಂದು ಸುತ್ತು ತಿರುವ್ರಿ, ಸಾಕು. ಪೂರಾ ಅಲ್ಲ. ಈಗ ಇದರ ಬಾಜೂದಲ್ರಿ, ಎದುರಿಂದು. ಒಂಬತ್ತು ಅದಾವಲ್ಲ, ಸರಿ ಎದುರು ಬರೂದಿಲ್ಲ, ಸಮೀಪದ್ದು ಹಿಡೀರಿ. ಎಲ್ಲಾವಕೂ ಸ್ವಲ್ಪ ಸ್ವಲ್ಪ. ಮತ್ತ ಮೊದಲಿಂದ." ನಾನು ಜಿಗಿದೆ, ಅರ್ಧಕ್ಕೆ ಬಿಟ್ಟೆ, ಮತ್ತೆ ಬಂದೆ. ಅವ್ವ ಬೇಡವೆಂದದ್ದನ್ನೆಲ್ಲ ಮಾಡಿದೆ. ಗಾಲಿ ತಿರುಗಿಸಿದಾಗ ಹಲ್ಲುಗಳು ಕಸಬರಿಗೆ ಕಡ್ಡಿಯ ತುದಿಯಿಂದ ಒಂದೇ ಅಂತರದಲ್ಲಿ ಓಡಿದವು.

ಗಾಲಿ ತಿರುಗಿದ ಸಪ್ಪಳ ಒಳಗೆ ಮಲಗಿದ್ದ ಗಂಡನಿಗೆ ಕೇಳಿಸಿತು. "ಯಾರು ಬಿಗಿದ್ರು?" ಎಂದು ಕೇಳಿದರು.

"ಅಕ್ಕ," ಎಂದಳು ಆಕೆ.

"ಹಂಗಾರ ನೀ ಒಮ್ಮೆ ನೋಡವಾ," ಎಂದರು.

ಆಕೆ ನನ್ನ ಕೈಯಿಂದ ಪಾನಾ ತೆಗೆದುಕೊಂಡಳು. ನಾನು ಬಿಗಿದ ಒಂಬತ್ತೂ ನಟ್ಟನ್ನು ಒಂದೊಂದಾಗಿ ಮುಟ್ಟಿ, ಪಾನಾ ಹಚ್ಚಿ ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಕೆಲಸವನ್ನು ಇನ್ನೊಬ್ಬರು ಮುಟ್ಟಿ ನೋಡಿದ್ದು ಅದೇ ಮೊದಲು. ಎಲ್ಲ ಸರಿಯಿದ್ದವು. ಆದರೂ ಒಂಬತ್ತನೆಯದು ಮುಗಿಯುವವರೆಗೆ ನಾನು ಆಕೆಯ ಕೈಯನ್ನೇ ನೋಡುತ್ತ ಕೂತಿದ್ದೆ.